ಚಳಿಗಾಲದ ಬೆಳಗಿನಲ್ಲಿ ಬೋಳುಗುಡ್ಡದ ಹಕ್ಕಿಗಳು: ಮಲೆನಾಡಿನ ಹುಲ್ಲುಗಾವಲುಗಳ ಬಗ್ಗೆ ಒಂದು ಚರ್ಚೆ

ಹುಲ್ಲುನೆತ್ತಿ (ಹೊಸನಗರ)

ಮಲೆನಾಡಿನಲ್ಲಿ ಹಕ್ಕಿ ನೋಡುವುದೆಂದರೆ ಕಾನಿನೊಳಗೆ ಮಂಗಟ್ಟೆಯನ್ನು ಹುಡುಕುವುದು, ಇಲ್ಲವೇ ಮಳೆಗಾಲದಲ್ಲಿ ಮಂಡಗದ್ದೆಗೋ ಗುಡವಿಗೋ ಹೋಗಿ ನೀರುಹಕ್ಕಿಗಳ ಗೂಡುಗಳನ್ನು ನೋಡಿ ಬರುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇವೆರಡರ ನಡುವೆ ನಾವು ಕಡೆಗಣಿಸಿರುವ ಒಂದು ಜಾಗವಿದೆ. ಕೊಡಚಾದ್ರಿಯ ನೆತ್ತಿಯ ಸುತ್ತಲಿನ ಹುಲ್ಲಿನ ಇಳಿಜಾರುಗಳು, ಸಾಗರದ ಕಡೆಯ ಅಂಬಾರಗುಡ್ಡ, ಕುದುರೆಮುಖದ ಸಾಲು, ಬಾಬಾಬುಡನ್‌ಗಿರಿ, ಇವುಗಳಿಗೆ ಹೊಂದಿಕೊಂಡಂತೆ ಊರೂರಿನ ಮೇಲಿರುವ ಬ್ಯಾಣಗಳು, ಅಂದರೆ ಊರವರು ಹುಲ್ಲು ಕೊಯ್ಯುವ ಬಯಲುಗಳು, ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೆಳಗಿನ ಮೂರು ಗಂಟೆಗಳ ಕಾಲ ಎಂತಹ ಹಕ್ಕಿಗಳಿಂದ ತುಂಬಿರುತ್ತವೆ ಎಂಬುದು ಅಲ್ಲೇ ಕೆಳಗೆ ವಾಸಿಸುವ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ನಾನು ಹೋಗುವ ಗುಡ್ಡದಲ್ಲಿ ಬೆಳಗು ಹೇಗೆ ಸಾಗುತ್ತದೆಂದು ಹೇಳುತ್ತೇನೆ. ಕತ್ತಲಿರುವಾಗಲೇ ಮೇಲೆ ತಲುಪಿದರೆ ದಾರಿಯ ಕಲ್ಲುನೆಲದ ಮೇಲೆ ಕುಳಿತ ನತ್ತಿಂಗಗಳು ಟಾರ್ಚಿನ ಬೆಳಕಿಗೆ ಕೆಂಪು ಕಣ್ಣು ಹೊಳೆಸಿ, ಸದ್ದಿಲ್ಲದೆ ಎದ್ದು ಪಕ್ಕಕ್ಕೆ ಹೋಗುತ್ತವೆ. ಕೆಳಗಿನ ಕಣಿವೆಯಲ್ಲಿ ಮಂಜು ತುಂಬಿರುತ್ತದೆ, ಕಾಡುಕೋಳಿಯ ಕೂಗು ಆ ಮಂಜಿನೊಳಗಿಂದ ಬರುತ್ತದೆ. ಏಳು ಗಂಟೆಯ ಹೊತ್ತಿಗೆ ಬಿಸಿಲು ಮೊದಲು ಮುಟ್ಟುವುದು ಪೂರ್ವದ ಇಳಿಜಾರನ್ನು. ಹುಲ್ಲಿನ ಇಬ್ಬನಿ ಆರತೊಡಗಿದಂತೆ ಮಿಡತೆಗಳು ಅಲುಗಾಡುತ್ತವೆ, ಮಿಡತೆಗಳ ಹಿಂದೆಯೇ ಪಿಪಿಟ್‌ಗಳು ಮತ್ತು ನೆಲಗುಬ್ಬಿಗಳೆಂಬ ನೆಲದಲ್ಲಿ ಓಡಾಡುವ ಕಿರುಹಕ್ಕಿಗಳು ಬಯಲಿಗೆ ಬರುತ್ತವೆ. ಒಣಗಿದ ಕಡ್ಡಿಯ ತುದಿಯಲ್ಲಿ ಕರಿತಲೆಯ, ಕಿತ್ತಳೆ ಎದೆಯ ಸೈಬೀರಿಯನ್ ಸ್ಟೋನ್‌ಚಾಟ್ ಕುಳಿತು ಬಾಲ ಕುಣಿಸುತ್ತಿರುತ್ತದೆ. ಅಷ್ಟರಲ್ಲಿ ಇಳಿಜಾರಿನ ಕೆಳ ಅಂಚಿನಿಂದ ಒಂದು ಸೆಳೆವ, ಅಂದರೆ ಹ್ಯಾರಿಯರ್, ಹುಲ್ಲಿನ ತೆನೆಗೆ ತಾಗಿಯೂ ತಾಗದಂತೆ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ತೇಲಿಬರುತ್ತದೆ. ಗುಡ್ಡದ ಏರಿಳಿತ ಹೇಗಿದೆಯೋ ಅದರ ಹಾರಾಟವೂ ಹಾಗೆಯೇ ಇರುತ್ತದೆ. ಒಮ್ಮೆಲೇ ತಿರುಗಿ ಕಾಲು ಚಾಚಿ ಹುಲ್ಲಿನೊಳಗೆ ಬಿದ್ದರೆ ಅಲ್ಲೊಂದು ಮಿಡತೆಯೋ ಓತಿಯೋ ಇಲಿಯೋ ಸಿಕ್ಕಿತೆಂದು ತಿಳಿಯಬೇಕು. ಚಾಣ ಎಂಬ ಸಣ್ಣ ಬೇಟೆಹಕ್ಕಿ ಮಾತ್ರ ಗಾಳಿಗೆ ಎದುರಾಗಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಕೆಳಗೆ ನೋಡುತ್ತದೆ. ಒಂಬತ್ತೂವರೆಯ ಹೊತ್ತಿಗೆ ನೆಲ ಕಾದು ಬಿಸಿಗಾಳಿ ಏಳತೊಡಗಿದಾಗ ಸರ್ಪಗಿಡುಗ ಕೂಗುತ್ತಾ ಸುತ್ತು ಹೊಡೆದು ಮೇಲೇರುತ್ತದೆ, ಕಪ್ಪು ಗಿಡುಗ ಗುಡ್ಡದ ಮಡಿಕೆಗಳಲ್ಲಿರುವ ಶೋಲಾ ಕಾಡಿನ ನೆತ್ತಿಯ ಮೇಲೆ ನಿಧಾನವಾಗಿ ಹಾದುಹೋಗುತ್ತದೆ. ಆಮೇಲೆ ಹುಲ್ಲಿನ ಹಕ್ಕಿಗಳು ಕಾಣುವುದು ಕಡಿಮೆಯಾಗುತ್ತದೆ.

ಈ ಸೆಳೆವಗಳು ಹುಟ್ಟುವುದು ಮಧ್ಯ ಏಷ್ಯಾದ ಹುಲ್ಲುಬಯಲುಗಳಲ್ಲಿ, ಕಜಕಸ್ತಾನದಂತಹ ನಾಡುಗಳಲ್ಲಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಂದು ಮಾರ್ಚ್-ಏಪ್ರಿಲಿನಲ್ಲಿ ಮರಳುತ್ತವೆ. ಅಷ್ಟು ದೂರದಿಂದ ಬಂದ ಹಕ್ಕಿ ಇಲ್ಲಿ ಕೇಳುವುದು ಮರವನ್ನಲ್ಲ, ಮೊಣಕಾಲೆತ್ತರದ ಹುಲ್ಲನ್ನು. ಅದು ಬೇಟೆಯಾಡುವುದೂ ಹುಲ್ಲಿನ ಮೇಲೆ, ರಾತ್ರಿ ಮಲಗುವುದೂ ಹುಲ್ಲಿನ ನಡುವೆ ನೆಲದ ಮೇಲೆಯೇ. ನಾನು ಇದನ್ನೆಲ್ಲ ಬರೆಯಲು ಕಾರಣವಿದೆ. ನಮ್ಮ ಊರಿನ ಮೇಲಿನ ಇಂತಹದೇ ಒಂದು ಇಳಿಜಾರಿನಲ್ಲಿ ಬರುವ ಮಳೆಗಾಲಕ್ಕೆ ಸಸಿ ನೆಡಲು ಈಗ ಗುರುತು ಹಾಕಲಾಗಿದೆ. ಖಾಲಿ ಬಿದ್ದಿರುವ ಗುಡ್ಡವನ್ನು ಹಸಿರು ಮಾಡುತ್ತೇವೆ ಎನ್ನುವವರು ಒಳ್ಳೆಯ ಮನಸ್ಸಿನವರೇ. ಆ ಗುಡ್ಡ ಖಾಲಿಯಿಲ್ಲ ಎಂಬುದನ್ನು ಅವರಿಗೆ ತೋರಿಸಬೇಕಾಗಿದೆ. ನಿಮ್ಮ ಊರುಗಳ ಬೋಳುಗುಡ್ಡಗಳಲ್ಲಿ ಚಳಿಗಾಲದಲ್ಲಿ ನೀವು ಕಂಡದ್ದನ್ನು ದಯವಿಟ್ಟು ಬರೆಯಿರಿ.

ತುಂಗೆಯ ದಡ (ತೀರ್ಥಹಳ್ಳಿ)

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ನನ್ನ ಎರಡು ಸಂದೇಹಗಳಿವೆ. ಕುಂದಾದ್ರಿಯ ಬಂಡೆಯ ಸುತ್ತಲಿನ ಹುಲ್ಲಿನಲ್ಲಿ ಮೈಮೇಲೆ ಗೆರೆಗಳಿರುವ ಕಂದು ಪಿಪಿಟ್ ಒಂದನ್ನು ಕಂಡೆ. ಜೊತೆಗಿದ್ದ ಸ್ನೇಹಿತರು ಅದನ್ನು ನೀಲಗಿರಿ ಪಿಪಿಟ್ ಎಂದರು. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಹಕ್ಕಿಯಾದ್ದರಿಂದ ಎಲ್ಲರಿಗೂ ಸಂತೋಷವಾಯಿತು, ಆದರೆ ನನಗೆ ಪೂರ್ಣ ನಂಬಿಕೆ ಬಂದಿಲ್ಲ. ಎರಡನೆಯದು, ಸೊಂಟದಲ್ಲಿ ಬಿಳಿ ಪಟ್ಟೆಯಿರುವ ಕಂದು ಬಣ್ಣದ ಹೆಣ್ಣು ಹ್ಯಾರಿಯರ್ ಕಂಡಾಗ ಅದು ಪ್ಯಾಲಿಡ್ ಹ್ಯಾರಿಯರೋ ಮಾಂಟೆಗು ಹ್ಯಾರಿಯರೋ ಎಂದು ಹೇಗೆ ತೀರ್ಮಾನಿಸುವುದು? ಪುಸ್ತಕದ ಚಿತ್ರಗಳಲ್ಲಿ ಕಾಣುವ ವ್ಯತ್ಯಾಸ ಗುಡ್ಡದ ಮೇಲೆ ಕಣ್ಣಿಗೆ ಸಿಕ್ಕುವುದಿಲ್ಲ.

ಇನ್ನೊಂದು ವಿಷಯ. ಕವಲೇದುರ್ಗದ ಕೋಟೆಗೋಡೆಯ ಮೇಲೆ ಚಳಿಗಾಲದಲ್ಲಿ ಕಾಣುವ ಬ್ಲೂ ರಾಕ್ ಥ್ರಷ್ ಕೂಡ ಇದೇ ಗುಂಪಿಗೆ ಸೇರಬೇಕಾದ ಹಕ್ಕಿ ಎಂದು ನನ್ನ ಅನಿಸಿಕೆ. ಅದಕ್ಕೆ ಬೇಕಾದದ್ದು ಬಂಡೆ ಮತ್ತು ಬಯಲು. ಕೋಟೆ ನೋಡಲು ಬರುವವರು ಅದರ ಪಕ್ಕದಲ್ಲಿಯೇ ನಿಂತು ಫೋಟೊ ತೆಗೆಸಿಕೊಂಡರೂ ಅದನ್ನು ನೋಡುವುದಿಲ್ಲ.

ಗಿರಿಸಾಲು (ಚಿಕ್ಕಮಗಳೂರು)

ತೀರ್ಥಹಳ್ಳಿಯವರ ಸಂದೇಹ ಸರಿಯಾಗಿಯೇ ಇದೆ. ನೀಲಗಿರಿ ಪಿಪಿಟ್ ಇರುವುದು ನೀಲಗಿರಿಯಿಂದ ದಕ್ಷಿಣಕ್ಕೆ, ಆನೆಮಲೆ ಮತ್ತು ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲುಗಳಲ್ಲಿ. ಕುಂದಾದ್ರಿಯ ಎತ್ತರವೂ ಅದಕ್ಕೆ ಸಾಲದು, ಜಾಗವೂ ಅದರದ್ದಲ್ಲ. ನಮ್ಮ ಗುಡ್ಡಗಳಲ್ಲಿ ವರ್ಷವಿಡೀ ಇರುವುದು ಗದ್ದೆಬಯಲುಗಳಲ್ಲಿಯೂ ಕಾಣುವ ಪ್ಯಾಡಿಫೀಲ್ಡ್ ಪಿಪಿಟ್. ಚಳಿಗಾಲದಲ್ಲಿ ಅದರ ಜೊತೆಗೆ ರಿಚರ್ಡ್ಸ್ ಪಿಪಿಟ್ ಬಂದು ಸೇರುತ್ತದೆ. ಇದು ದೊಡ್ಡ ಹಕ್ಕಿ. ಎದೆ ನೆಟ್ಟಗೆ ಮಾಡಿ ನಿಲ್ಲುತ್ತದೆ. ಇಳಿಯುವ ಮೊದಲು ಹುಲ್ಲಿನ ಮೇಲೆ ಕ್ಷಣಕಾಲ ರೆಕ್ಕೆ ಬಡಿಯುತ್ತಾ ನಿಂತು ಆಮೇಲೆ ಕೂರುತ್ತದೆ. ಏಳುವಾಗ ಒರಟಾದ ದನಿಯಲ್ಲಿ 'ಶ್ರೀಪ್' ಎಂದು ಕೂಗುತ್ತದೆ. ಬಂಡೆಯ ಮೇಲೆ ಅದು ನಡೆದಾಡುವಾಗ ಹಿಂಬೆರಳಿನ ಉಗುರನ್ನು ಗಮನಿಸಿ. ಬೆರಳಿಗಿಂತಲೂ ಉದ್ದವಾಗಿ, ಹೆಚ್ಚು ಬಾಗದೆ ಹಿಂದಕ್ಕೆ ಚಾಚಿರುತ್ತದೆ, ಕಲ್ಲಿನ ಮೇಲೆ ಕಾಲಿಡುವಾಗ ಅದನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಮರಗಳ ಅಂಚಿನಲ್ಲಿ, ನೆರಳಿನಲ್ಲಿ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ನಡೆದು, ಬೆದರಿದರೆ ಕೊಂಬೆಗೆ ಹಾರುವ ಪಿಪಿಟ್ ಕಂಡರೆ ಅದು ಬೇರೆ, ಬಹುಮಟ್ಟಿಗೆ ಆಲಿವ್-ಬ್ಯಾಕ್ಡ್ ಅಥವಾ ಟ್ರೀ ಪಿಪಿಟ್. ಜುಟ್ಟಿರುವುದು ಕಂಡರೆ ಪಿಪಿಟ್ ಅಲ್ಲವೇ ಅಲ್ಲ. ಅದು ನಮ್ಮ ಘಟ್ಟದ ಮಲಬಾರ್ ನೆಲಗುಬ್ಬಿ.

ಹ್ಯಾರಿಯರ್‌ಗಳಲ್ಲಿ ಗಂಡನ್ನು ಗುರುತಿಸುವುದು ಕಷ್ಟವಲ್ಲ. ಪ್ಯಾಲಿಡ್ ಗಂಡು ಬೂದುಬಿಳುಪು, ರೆಕ್ಕೆಯ ತುದಿಯಲ್ಲಿ ಕಿರಿದಾದ ಕಪ್ಪು ಬೆಣೆ ಮಾತ್ರ ಇರುತ್ತದೆ. ಮಾಂಟೆಗು ಗಂಡು ಇನ್ನೂ ಗಾಢ ಬೂದು, ರೆಕ್ಕೆಯ ತುದಿ ಹೆಚ್ಚು ಕಪ್ಪು, ರೆಕ್ಕೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ, ಹೊಟ್ಟೆಯಲ್ಲಿ ಕಂದುಗೆಂಪು ಗೀರುಗಳು. ಹೆಣ್ಣುಗಳ ವಿಷಯದಲ್ಲಿ ಸೊಂಟದ ಬಿಳಿಯನ್ನು ಮರೆತುಬಿಡಿ, ಅದು ಎರಡಕ್ಕೂ ಇದೆ. ಮುಖವನ್ನು ನೋಡಿ. ಕಿವಿಯ ಭಾಗದ ಕಪ್ಪು ಮಚ್ಚೆಯ ಹಿಂದೆ ಕುತ್ತಿಗೆಯನ್ನು ಸುತ್ತುವ ಸ್ಪಷ್ಟವಾದ ತಿಳಿ ಪಟ್ಟಿ, ಅದರ ಹಿಂದೆ ಕತ್ತಿನ ಬದಿಯಲ್ಲಿ ಮತ್ತೆ ಗಾಢ ಬಣ್ಣ ಇದ್ದರೆ ಪ್ಯಾಲಿಡ್. ಮಾಂಟೆಗು ಹೆಣ್ಣಿನಲ್ಲಿ ಕಣ್ಣಿನ ಸುತ್ತ ಬಿಳುಪು ಹೆಚ್ಚು, ಕುತ್ತಿಗೆಯ ಪಟ್ಟಿ ಇರುವುದಿಲ್ಲ ಅಥವಾ ಅಸ್ಪಷ್ಟ. ಬೆಳಗಿನ ಓರೆ ಬಿಸಿಲು ನಿಮ್ಮ ಬೆನ್ನ ಹಿಂದಿದ್ದು, ಹಕ್ಕಿ ನಿಮ್ಮ ಮಟ್ಟದಲ್ಲಿ ಅಥವಾ ಕೆಳಗೆ ಹಾರುತ್ತಿದ್ದರೆ ಈ ಪಟ್ಟಿ ಕಾಣುತ್ತದೆ. ಬಯಲುಸೀಮೆಯಲ್ಲಿ ಹ್ಯಾರಿಯರನ್ನು ನೋಡುವವರಿಗೆ ಇಲ್ಲದ ಅನುಕೂಲ ನಮಗೆ ಇರುವುದು ಇಲ್ಲಿಯೇ: ಗುಡ್ಡದ ಮೇಲಿಂದ ನಾವು ಅದರ ಬೆನ್ನನ್ನೂ ಮುಖವನ್ನೂ ನೋಡಬಲ್ಲೆವು. ಕಾಣದಿದ್ದರೆ 'ಪ್ಯಾಲಿಡ್ ಅಥವಾ ಮಾಂಟೆಗು' ಎಂದೇ ದಾಖಲಿಸಿ. ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ನಲ್ಲಿ ಅದಕ್ಕೆ ಅವಕಾಶವಿದೆ, ಅದು ಉಪಯುಕ್ತ ದಾಖಲೆಯೂ ಹೌದು. ಪ್ಯಾಲಿಡ್ ಹ್ಯಾರಿಯರ್ ಜಾಗತಿಕವಾಗಿ ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿರುವುದರಿಂದ ಊಹೆಯ ಮೇಲೆ ಅದರ ಹೆಸರು ಬರೆಯಬಾರದು.

ಮಿಳ್ಳಘಟ್ಟ (ಶಿವಮೊಗ್ಗ)

ನಾನು ಶಾಲಾ ಶಿಕ್ಷಕಿ, ಹಕ್ಕಿ ನೋಡುವುದರಲ್ಲಿ ಹೊಸಬಳು. ಜನವರಿಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಕೆಲವು ಮಕ್ಕಳನ್ನು ಇಂತಹ ಗುಡ್ಡಕ್ಕೆ ಕರೆದೊಯ್ಯುವ ಆಸೆಯಿದೆ. ಯಾವ ಬೈನಾಕ್ಯುಲರ್ ತರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಏನು ಎಚ್ಚರಿಕೆ ವಹಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಪೋಷಕರು ಮೊದಲು ಕೇಳುವ ಪ್ರಶ್ನೆ ಮಂಗನ ಕಾಯಿಲೆಯದ್ದು.

ಹುಲ್ಲುನೆತ್ತಿ (ಹೊಸನಗರ)

ಮೇಡಂ, ಪೋಷಕರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ಮುಖ್ಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳಿಂದ ಹರಡುವ ಈ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಾವು ಗುಡ್ಡಕ್ಕೆ ಹೋಗುವ ಕಾಲವೇ. ಆದ್ದರಿಂದ ಹೊರಡುವ ಮೊದಲು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ, ಅಥವಾ ಯಾರಿಗಾದರೂ ಜ್ವರ ದೃಢಪಟ್ಟಿದ್ದರೆ ಆ ದಿಕ್ಕಿಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ. ಉಳಿದ ಕಡೆಗಳಲ್ಲಿ ಕೂಡ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಉದ್ದನೆಯ ಪ್ಯಾಂಟು ಇರಲಿ. ಆರೋಗ್ಯ ಇಲಾಖೆಯವರು ಕೊಡುವ ಉಣುಗು ತಡೆಯುವ ತೈಲವನ್ನು ಹಚ್ಚಿಕೊಳ್ಳಿ. ಕಾಡಿನಂಚಿನ ದರಗಿನ ಮೇಲೆ, ದನ ಮಲಗುವ ಜಾಗದಲ್ಲಿ ಯಾರೂ ಕೂರಬಾರದು. ಬಯಲಿನ ಬಂಡೆಯ ಮೇಲೆ ಕೂರಲಿ. ಮನೆಗೆ ಬಂದ ತಕ್ಷಣ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆಗಳಿಗೂ ಬಿಸಿನೀರು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಗುಡ್ಡಕ್ಕೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಬೈನಾಕ್ಯುಲರ್ ಎಂಟು ಪಟ್ಟು ಹಿಗ್ಗಿಸುವಂಥದ್ದು, 42 ಮಿಲಿಮೀಟರ್ ಮಸೂರದ್ದು ಸಾಕು. ಹತ್ತು, ಹನ್ನೆರಡು ಪಟ್ಟಿನದನ್ನು ಗಾಳಿಯಿರುವ ನೆತ್ತಿಯ ಮೇಲೆ ಅಲುಗದಂತೆ ಹಿಡಿಯುವುದು ಮಕ್ಕಳಿಗೆ ಕಷ್ಟ. ಗುಂಪಿಗೆ ಎರಡು-ಮೂರು ಇದ್ದರೂ ನಡೆಯುತ್ತದೆ, ಏಕೆಂದರೆ ಹುಲ್ಲುಗಾವಲಿನ ವಿಶೇಷವೇ ಬರಿಗಣ್ಣಿಗೆ ಹಕ್ಕಿಯ ನಡವಳಿಕೆ ಪೂರ್ತಿಯಾಗಿ ಕಾಣುವುದು. ಕಾಡಿನಲ್ಲಿ ಎಲೆಯ ಸಂದಿಯಲ್ಲಿ ಬಾಲ ಕಂಡು ಮರೆಯಾಗುವ ಹಕ್ಕಿಗಿಂತ, ಒಂದು ಚಾಣ ಐದು ನಿಮಿಷ ಗಾಳಿಯಲ್ಲಿ ನಿಂತು, ಸ್ವಲ್ಪ ಕೆಳಗಿಳಿದು, ಮತ್ತೆ ನಿಂತು, ಕೊನೆಗೆ ಕಲ್ಲಿನಂತೆ ಬೀಳುವುದನ್ನು ನೋಡಿದ ಮಗು ಹೆಚ್ಚು ಕಲಿಯುತ್ತದೆ. ಅದು ಗಾಳಿಯಲ್ಲಿ ನಿಂತಿರುವಾಗ ತಲೆಯನ್ನು ನೋಡಲು ಹೇಳಿ: ರೆಕ್ಕೆ ಬಡಿಯುತ್ತದೆ, ಬಾಲ ಬೀಸಣಿಗೆಯಾಗಿ ಬಿಚ್ಚಿ ಓರೆಯಾಗುತ್ತದೆ, ಮೈ ಗಾಳಿಗೆ ತೂಗುತ್ತದೆ, ತಲೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಅಂದಹಾಗೆ, ಚಾಣಗಳಲ್ಲಿ ಚಳಿಗಾಲಕ್ಕೆ ಉತ್ತರದಿಂದ ಬರುವವೂ ಇವೆ, ಪಶ್ಚಿಮಘಟ್ಟದಲ್ಲಿಯೇ ಗೂಡು ಕಟ್ಟುವ ಗಾಢ ಬಣ್ಣದ ಸ್ಥಳೀಯ ಉಪಜಾತಿಯೂ ಇದೆ.

ಸುತ್ತಾಡಬೇಡಿ. ಇಳಿಜಾರು ಪೂರ್ತಿ ಕಾಣುವ ಒಂದು ಒಡ್ಡಿನ ಮೇಲೆ ಮಕ್ಕಳನ್ನು ಕೂರಿಸಿ ಒಂದೂವರೆ ಗಂಟೆ ಕಳೆಯಿರಿ. ಹುಲ್ಲಿನೊಳಗೆ ನಡೆದಷ್ಟೂ ಹಕ್ಕಿಗಳು ಏಳುತ್ತವೆ, ಎದ್ದ ಹಕ್ಕಿ ಬೇಟೆಹಕ್ಕಿಯ ಕಣ್ಣಿಗೆ ಬೀಳುತ್ತದೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದೊಳಗಿದೆ, ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅಂತಹ ಕಡೆಗಳಿಗೆ ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಂಡು ಹೊರಡಬೇಕು, ಬೆಂಕಿಯ ಕಾಲದಲ್ಲಿ ಚಾರಣದ ಹಾದಿಗಳನ್ನು ಮುಚ್ಚುವುದೂ ಉಂಟು. ಮಕ್ಕಳಿಗೆ ಮೊದಲ ಸಲಕ್ಕೆ ಊರ ಹತ್ತಿರದ ಬ್ಯಾಣವೇ ಚೆನ್ನ.

ಕರಡದ ಗುಡ್ಡ (ಸಾಗರ)

ನಾನು ಹಕ್ಕಿಗಳ ಹೆಸರು ಬಲ್ಲವನಲ್ಲ, ಅಡಿಕೆ ತೋಟ, ಗದ್ದೆ, ಕೊಟ್ಟಿಗೆ ಇರುವ ರೈತ. ಆದರೆ ನೀವು ಹೇಳುವ ಸೆಳೆವವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಡಿಸೆಂಬರಿನಲ್ಲಿ ನಾವು ಬ್ಯಾಣದಲ್ಲಿ ಕರಡ, ಅಂದರೆ ಒಣಹುಲ್ಲು, ಕೊಯ್ಯುವಾಗ ಕತ್ತಿಯ ಸದ್ದಿಗೆ ಮಿಡತೆಗಳು ಹಾರುತ್ತವೆ, ಕೊಯ್ದು ಮುಗಿಸಿದ ಪಟ್ಟಿಯ ಮೇಲೆ ಆ ಹಕ್ಕಿ ಬಂದು ಹೋಗಿ ಮಾಡುತ್ತದೆ. ನಮ್ಮ ತಂದೆಯ ಕಾಲದಲ್ಲಿ ಕೊಟ್ಟಿಗೆಯ ಮಾಡಿಗೂ ಜಾನುವಾರಿನ ಮೇವಿಗೂ ಇದೇ ಕರಡ ಬೇಕಿತ್ತು, ಹಾಗಾಗಿ ಬ್ಯಾಣವನ್ನು ಯಾರೂ ಪಾಳು ಎನ್ನುತ್ತಿರಲಿಲ್ಲ. ಈಗ ಮಾಡಿಗೆ ತಗಡು ಬಂದಿದೆ, ದನ ಕಡಿಮೆಯಾಗಿದೆ, ಹುಲ್ಲು ಕೊಯ್ಯಲು ಆಳು ಸಿಗುವುದಿಲ್ಲ. ಕೊಯ್ಯದ ಬ್ಯಾಣದಲ್ಲಿ ಲಂಟಾನ, ಯುಪಟೋರಿಯಂ ಏಳುತ್ತವೆ. ಹುಲ್ಲು ಹೋಗುವುದು ಗಿಡ ನೆಡುವವರಿಂದ ಮಾತ್ರವಲ್ಲ, ನಾವು ಬ್ಯಾಣಕ್ಕೆ ಹೋಗುವುದನ್ನು ಬಿಟ್ಟಿದ್ದರಿಂದಲೂ ಹೌದು.

ಇನ್ನು ಬೆಂಕಿಯ ಮಾತು ಬರುತ್ತದೆಂದು ಗೊತ್ತಿದೆ. ಹಳಬರು ಹೊಸ ಹುಲ್ಲು ಚಿಗುರಲಿ ಎಂದು ಗುಡ್ಡಕ್ಕೆ ಬೆಂಕಿ ಕೊಡುತ್ತಿದ್ದರು. ಅದನ್ನು ಪೂರ್ತಿ ತಪ್ಪೆನ್ನಲು ನಾನು ಒಪ್ಪುವುದಿಲ್ಲ. ಬೆಂಕಿಯೇ ಕಾಣದ ಗುಡ್ಡ ಕೆಲವೇ ವರ್ಷಗಳಲ್ಲಿ ಕುರುಚಲಾಗುವುದನ್ನು ನೋಡಿದ್ದೇನೆ. ಬೆಂಕಿಯ ಮುಂದೆ ಕಾಜಾಣ, ಕಳ್ಳಿಪೀರಗಳು ಮಿಡತೆ ಹಿಡಿಯಲು ನೆರೆಯುವುದನ್ನೂ ನೋಡಿದ್ದೇನೆ. ಹಕ್ಕಿಗಳಿಗೆ ಅದರಿಂದ ಲಾಭವಿಲ್ಲವೇ?

ಗಿರಿಸಾಲು (ಚಿಕ್ಕಮಗಳೂರು)

ಸಾಗರದವರು ಅನುಭವದಿಂದ ಹೇಳಿದ ಮಾತಿಗೆ ಬೆಲೆಯಿದೆ. ಹುಲ್ಲುಗಾವಲು ಮತ್ತು ಬೆಂಕಿಯ ಸಂಬಂಧ ಹಳೆಯದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಂಕಿಯ ಮುಂದೆ ನೆರೆಯುವ ಹಕ್ಕಿಗಳು ಮರದಲ್ಲಿ ಮಲಗುವಂಥವು; ಅವುಗಳಿಗೆ ಅದು ಒಂದು ದಿನದ ಊಟ. ನೆಲದಲ್ಲಿ ಮಲಗುವ ಸೆಳೆವಕ್ಕೆ, ಹುಲ್ಲಿನ ಬುಡದಲ್ಲಿ ಅಡಗುವ ಬುರ್ಲಿಗೆ ಆ ರಾತ್ರಿಯ ಮನೆಯೇ ಹೋಗುತ್ತದೆ. ಎಲ್ಲವೂ ನಿಂತಿರುವುದು ಯಾವಾಗ, ಎಷ್ಟು ಎಂಬ ಎರಡು ಪ್ರಶ್ನೆಗಳ ಮೇಲೆ. ಹಿಂದೆ ಒಂದೊಂದು ಮನೆಯವರು ತಮ್ಮ ತಮ್ಮ ಬ್ಯಾಣದ ತುಂಡನ್ನು ಕೊಯ್ಯುತ್ತಿದ್ದರು, ಸುಡುತ್ತಿದ್ದರು. ಒಂದು ತುಂಡು ಸುಟ್ಟಾಗ ಪಕ್ಕದ್ದು ನಿಂತಿರುತ್ತಿತ್ತು. ಈಗ ಯಾರೋ ದಾರಿಹೋಕರು ಎಸೆದ ಬೀಡಿಯಿಂದ ಜನವರಿಯಲ್ಲಿಯೇ ಇಡೀ ಗುಡ್ಡ ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ, ಅದರ ಕಾವು ಶೋಲಾದ ಅಂಚಿನ ಮರಗಳನ್ನೂ ಒಣಗಿಸುತ್ತದೆ.

ಹುಲ್ಲಿನಲ್ಲಿ ಇನ್ನೊಂದು ಹಕ್ಕಿಯಿದೆ, ಚಳಿಗಾಲದ ಪಟ್ಟಿಯಲ್ಲಿ ಯಾರೂ ಬರೆಯದ ಹಕ್ಕಿ: ಬ್ರಾಡ್-ಟೇಲ್ಡ್ ಗ್ರಾಸ್‌ಬರ್ಡ್. ಪಶ್ಚಿಮಘಟ್ಟದ ಹುಲ್ಲುಗಾವಲುಗಳನ್ನೇ ನಂಬಿರುವ, ಅಳಿವಿನಂಚಿನ ಸಾಲಿಗೆ ಸೇರಿರುವ ಜಾತಿಯಿದು. ಬಾಬಾಬುಡನ್‌ಗಿರಿಯ ಕಡೆ ಮಳೆಗಾಲದಲ್ಲಿ ಗಂಡುಗಳು ಎತ್ತರದ ಹುಲ್ಲಿನಿಂದ ಮೇಲೆದ್ದು ಹಾಡಿ ಮತ್ತೆ ಅಲ್ಲೇ ಇಳಿಯುತ್ತವೆ. ಚಳಿಗಾಲದಲ್ಲಿ ದನಿಯಿಲ್ಲ. ಕಂದು ಬಣ್ಣ, ಬೆನ್ನ ಮೇಲೆ ಗೆರೆಯಿಲ್ಲ, ಅಗಲವಾದ ಭಾರದ ಬಾಲ. ತೀರಾ ಹತ್ತಿರ ಹೋದಾಗ ಒಂದಿಷ್ಟು ದೂರ ತಗ್ಗಿನಲ್ಲಿ ಹಾರಿ ಹುಲ್ಲಿಗೆ ಬಿದ್ದರೆ ಮತ್ತೆ ಏಳುವುದಿಲ್ಲ. ಇಂತಹ ಹಕ್ಕಿಯ ಗುಡ್ಡ ಪೂರ್ತಿ ಸುಟ್ಟರೆ ಅದು ಎಲ್ಲಿಗೆ ಹೋಗಬೇಕು? ಮರದ ತೋಪಿನಲ್ಲಿ ಅದಕ್ಕೆ ಜಾಗವಿಲ್ಲ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಜಾತಿಗಳನ್ನು ಪರಿಶೀಲಿಸಿ, ಹುಲ್ಲುಗಾವಲು ಮೊದಲಾದ ತೆರೆದ ನೆಲೆಗಳ ಹಕ್ಕಿಗಳೂ ಬೇಟೆಹಕ್ಕಿಗಳೂ ಹೆಚ್ಚು ಇಳಿಮುಖವಾಗಿವೆಯೆಂದು ಹೇಳಿದ್ದು ನಮ್ಮ ಗುಡ್ಡಗಳಿಗೂ ಸಲ್ಲುವ ಮಾತು.

ಹಳೆ ಬೀಟು (ಕೊಪ್ಪ)

ಕಾಡಿನ ಕೆಲಸದಲ್ಲಿಯೇ ಬಹುಕಾಲ ಕಳೆದು ನಿವೃತ್ತನಾಗಿದ್ದೇನೆ, ಸಸಿ ನೆಡಿಸಿದವರಲ್ಲಿ ನಾನೂ ಒಬ್ಬ. ಈ ಚರ್ಚೆಯಲ್ಲಿ ಒಂದು ಮಾತು ಸ್ಪಷ್ಟವಾಗಬೇಕೆಂದು ಬರೆಯುತ್ತಿದ್ದೇನೆ. ಮಲೆನಾಡಿನ ಎಲ್ಲ ಬೋಳುಗುಡ್ಡಗಳೂ ಒಂದೇ ಬಗೆಯವಲ್ಲ. ಕಡಿದದ್ದರಿಂದ, ಕುಮರಿ ಬೇಸಾಯದಿಂದ ಬೋಳಾದ ಕಾಡುನೆಲವೂ ಇದೆ. ಅಂತಹ ಕಡೆ ತಗ್ಗಿನಲ್ಲಿ ಹಳೆಯ ಬೊಡ್ಡೆಗಳಿರುತ್ತವೆ, ಮಣ್ಣು ಆಳವಾಗಿರುತ್ತದೆ, ಬೇಲಿ ಹಾಕಿ ದನ ತಡೆದರೆ ನೇರಳೆ, ಹೊನ್ನೆ, ಮತ್ತಿಗಳು ತಾವೇ ಚಿಗುರುತ್ತವೆ. ಅಲ್ಲಿ ಕಾಡು ಮರಳಲಿ, ಹುಲ್ಲಿನ ಹೆಸರಿನಲ್ಲಿ ಅದನ್ನು ತಡೆಯಬಾರದು. ಆದರೆ ನೆತ್ತಿಯ ಮೇಲೆ, ಗಾಳಿ ಸದಾ ಬಡಿಯುವ ಏಣಿನ ಮೇಲೆ, ಒಂದು ಗೇಣು ಮಣ್ಣಿನ ಕೆಳಗೆ ಕಲ್ಲು ತಾಗುವ ಕಡೆ, ಶೋಲಾ ಕಾಡು ಮಡಿಕೆಗಳಲ್ಲಿ ಮಾತ್ರ ನಿಂತು ಉಬ್ಬುಗಳಲ್ಲೆಲ್ಲ ಹುಲ್ಲು ಇರುವ ಕಡೆ, ಅದು ಹುಲ್ಲಿನದೇ ಜಾಗ. ಗುಂಡಿ ತೋಡುವ ಹಾರೆ ಮೊದಲ ಪೆಟ್ಟಿಗೇ ಕಿಡಿ ಹಾರಿಸಿದರೆ ಅಲ್ಲಿ ಏನು ಬೆಳೆಯಬೇಕೆಂಬುದಕ್ಕೆ ಉತ್ತರ ಸಿಕ್ಕಂತೆ. ಅಂತಹ ಕಡೆ ನೆಟ್ಟ ಅಕೇಶಿಯಾ ಬದುಕಬಹುದು. ಬದುಕಿದರೆ ಅದರ ಬೀಜ ಬಿದ್ದು ಪಕ್ಕದ ಹುಲ್ಲಿಗೂ ಹಬ್ಬುತ್ತದೆ, ತರಗು ಮುಚ್ಚಿದ ನೆಲದಲ್ಲಿ ಮಿಡತೆಯೂ ಇಲ್ಲ, ನೆಲಗುಬ್ಬಿಯೂ ಇಲ್ಲ.

ಹೊಸನಗರದವರು ನೆಡುತೋಪಿನವರೊಡನೆ ಮಾತನಾಡುವಾಗ 'ಮರ ಬೇಡ' ಎಂದು ಆರಂಭಿಸಬಾರದು ಎಂಬುದು ನನ್ನ ಸಲಹೆ. ಎಲ್ಲಿ ನೆಡಬಹುದು ಎಂದು ತೋರಿಸಿಯೇ ಎಲ್ಲಿ ನೆಡಬಾರದು ಎಂದು ಹೇಳಿ. ಅಂಬಾರಗುಡ್ಡವನ್ನು 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ರಾಜ್ಯ ಸರ್ಕಾರ ಘೋಷಿಸಿದ್ದು ಅಲ್ಲಿನ ಶೋಲಾ ಮತ್ತು ಹುಲ್ಲುಗಾವಲಿನ ಕಾರಣಕ್ಕೆ. ಕಡೂರು ತಾಲ್ಲೂಕಿನ ಹೊಗರೇಕಾನಿಗೆ ಅದೇ ಮಾನ್ಯತೆ ಅದಕ್ಕೂ ಮೊದಲೇ ಸಿಕ್ಕಿತ್ತು. ಹುಲ್ಲನ್ನು ಹುಲ್ಲಾಗಿಯೇ ಉಳಿಸಬೇಕೆಂಬುದು ಸರ್ಕಾರವೂ ಒಪ್ಪಿದ ಮಾತು ಎಂಬುದಕ್ಕೆ ಇವೆರಡು ಸಾಕ್ಷಿ. ತುಂಗೆ, ಭದ್ರೆ, ನೇತ್ರಾವತಿಗಳ ಮೂಲವಿರುವ ಗಂಗಾಮೂಲದ ಸುತ್ತ ನಿಂತು ನೋಡಿದರೂ ಸಾಕು, ಅಲ್ಲಿ ಕಾಣುವುದು ಕಾಡು ಮತ್ತು ಹುಲ್ಲು ಎರಡೂ.

ತುಂಗೆಯ ದಡ (ತೀರ್ಥಹಳ್ಳಿ)

ಗಿರಿಸಾಲು ಅವರ ವಿವರಣೆ ಓದಿಕೊಂಡು ಹೋಗಿ ನೋಡಿದೆ. ಕುತ್ತಿಗೆಯ ತಿಳಿ ಪಟ್ಟಿ ಸ್ಪಷ್ಟವಾಗಿ ಕಂಡಿತು, ಪ್ಯಾಲಿಡ್ ಹೆಣ್ಣೇ. ಅದು ಹಾರಿಬಂದ ದಿಕ್ಕನ್ನು ಗುರುತಿಟ್ಟುಕೊಂಡು, ಬಿಸಿಲು ಚೆನ್ನಾಗಿ ಏರಿ ಹಕ್ಕಿಗಳೆಲ್ಲ ಚದುರಿದ ಮೇಲೆ ಆ ಇಳಿಜಾರಿನ ಅಂಚಿಗೆ ಹೋದಾಗ ಹುಲ್ಲಿನ ನಡುವೆ ತಟ್ಟೆಯಷ್ಟು ಅಗಲಕ್ಕೆ ಮಡಿದು ಮಲಗಿದ ಜಾಗಗಳು ಕಂಡವು. ಒಂದರ ಬದಿಯಲ್ಲಿ ಬಿಳಿ ಹಿಕ್ಕೆಯ ಗುರುತಿನ ಜೊತೆ ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಣಗಿದ ಉಂಡೆಯೊಂದು ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದರೆ ಬೂದು ರೋಮದ ನಡುವೆ ಮಿಡತೆಯ ಹಿಂಗಾಲಿನ ಗರಗಸದಂತಹ ತುಂಡುಗಳು, ಹೊಳೆಯುವ ಕಂದು ದವಡೆಗಳು, ಒಂದು ಸಣ್ಣ ಮೂಳೆ, ಯಾವುದೋ ಕಿರುಹಕ್ಕಿಯ ಎರಡು ಗರಿಗಳು ಇದ್ದವು. ಬೇಟೆಹಕ್ಕಿಗಳು ಅರಗದ ಭಾಗವನ್ನು ಹೀಗೆ ಉಗುಳುತ್ತವೆಂದು ಓದಿದ್ದೆ. ಮಧ್ಯ ಏಷ್ಯಾದಿಂದ ಬಂದ ಹಕ್ಕಿ ನಮ್ಮ ಗುಡ್ಡದಲ್ಲಿ ಏನು ತಿಂದು ಚಳಿಗಾಲ ಕಳೆಯುತ್ತದೆಂಬುದು ಆ ಉಂಡೆಯಲ್ಲಿ ಪೂರ್ತಿ ಇತ್ತು.

ಆ ಜಾಗದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಮುಂದೆಯೂ ಬರೆಯುವುದಿಲ್ಲ. ಸೆಳೆವಗಳು ಗುಂಪಾಗಿ ನೆಲದಲ್ಲಿ ಮಲಗುವುದರಿಂದ ಒಬ್ಬ ಛಾಯಾಗ್ರಾಹಕ ಸಂಜೆ ಹೊತ್ತಿನಲ್ಲಿ ಅಲ್ಲಿಗೆ ನಡೆದರೂ ಎಲ್ಲವೂ ಕತ್ತಲಲ್ಲಿ ಎದ್ದು ಬೇರೆ ಜಾಗ ಹುಡುಕಬೇಕಾಗುತ್ತದೆ. ಬೇರೆಯವರೂ ಹೀಗೆಯೇ ಮಾಡಬೇಕೆಂದು ವಿನಂತಿ. ತಾಲ್ಲೂಕಿನ ಹೆಸರು ಸಾಕು.

ಕರಡದ ಗುಡ್ಡ (ಸಾಗರ)

ಹುಲ್ಲು ಮಡಿದ ಅಂತಹ ತಟ್ಟೆಗಳನ್ನು ಕರಡ ಕೊಯ್ಯುವಾಗ ನಾವು ಕಂಡಿದ್ದೇವೆ, ಮೊಲ ಮಲಗಿದ ಜಾಗವೆಂದು ತಿಳಿದು ಮುಂದೆ ಹೋಗುತ್ತಿದ್ದೆವು. ಈ ವರ್ಷ ನಮ್ಮ ಬ್ಯಾಣದಲ್ಲಿ ಕೆಳಗಿನ ಅರ್ಧವನ್ನು ಡಿಸೆಂಬರಿನಲ್ಲಿಯೇ ಕೊಯ್ದು, ಮೇಲಿನ ಅರ್ಧವನ್ನು ಮಾರ್ಚ್ ಕೊನೆಯವರೆಗೆ ಮುಟ್ಟದೆ ಬಿಡಲು ಮನೆಯಲ್ಲಿ ಒಪ್ಪಿಸಿದ್ದೇನೆ. ಮುಂದಿನ ವರ್ಷ ಅದಲುಬದಲು ಮಾಡಿದರೆ ಲಂಟಾನವೂ ಏಳುವುದಿಲ್ಲ. ಪಕ್ಕದ ಎರಡು ಮನೆಯವರೂ ಮೇವು ಸಾಕಾದರೆ ಹೀಗೆಯೇ ಮಾಡುತ್ತೇವೆ ಎಂದಿದ್ದಾರೆ. ಮೂರೂ ಬ್ಯಾಣಗಳ ಸುತ್ತ ಅಡಿಕೆ ಕೊಯ್ಲಿನ ಬಿಡುವಿನಲ್ಲಿ ಬೆಂಕಿರೇಖೆ ಸವರಬೇಕು, ಅದಕ್ಕೆ ಆಳು ಸಿಗುವುದೊಂದೇ ಚಿಂತೆ.

ಒಂದು ಪ್ರಶ್ನೆ: ಮೇಲಿನ ಅರ್ಧದಲ್ಲಿ ದನ ಬಿಡಬಹುದೇ?

ಹುಲ್ಲುನೆತ್ತಿ (ಹೊಸನಗರ)

ಹಗಲಿನಲ್ಲಿ ಕೆಲವು ದನ ಮೇದು ಬಂದರೆ ತೊಂದರೆಯಿಲ್ಲ ಎಂದೇ ನನ್ನ ತಿಳಿವಳಿಕೆ. ಹುಲ್ಲು ಪೂರ್ತಿ ತಗ್ಗದಂತೆ, ಸಂಜೆ ಐದರೊಳಗೆ ಹೊಡೆದುಕೊಂಡು ಬರುವಂತೆ ನೋಡಿಕೊಂಡರೆ ಸಾಕು, ಏಕೆಂದರೆ ಸೆಳೆವಗಳು ಮಲಗಲು ಸೇರುವುದು ಸೂರ್ಯ ಮುಳುಗುವ ಹೊತ್ತಿಗೆ. ಮೇಯ್ದು ತಗ್ಗಾದ ತುಂಡುಗಳಲ್ಲಿ ನೆಲಗುಬ್ಬಿ, ಪಿಪಿಟ್‌ಗಳು ಹೆಚ್ಚು ಇರುತ್ತವೆ, ಎತ್ತರದ ಹುಲ್ಲು ಸೆಳೆವಕ್ಕೆ ಬೇಕು. ಎರಡೂ ಅಕ್ಕಪಕ್ಕ ಇದ್ದರೆ ಒಳ್ಳೆಯದೇ. ಮಲಬಾರ್ ನೆಲಗುಬ್ಬಿ ಮಾರ್ಚಿನಿಂದ ನೆಲದಲ್ಲಿಯೇ ಗೂಡು ಮಾಡತೊಡಗುವುದರಿಂದ ಆಮೇಲೆ ಸುಡುವುದಾದರೆ ಗೂಡುಗಳಿವೆಯೇ ಎಂದು ನಡೆದು ನೋಡಿ, ತುಂಡು ತುಂಡಾಗಿ, ಅರಣ್ಯ ಇಲಾಖೆಯವರಿಗೆ ತಿಳಿಸಿಯೇ ಮಾಡಬೇಕು. ಸುಡದೆ ಕೊಯ್ದರೆ ಇನ್ನೂ ಉತ್ತಮ.

ನಮ್ಮ ಊರಿನ ಗುಡ್ಡದ ವಿಷಯ: ಕೊಪ್ಪದವರು ಹೇಳಿದ ರೀತಿಯಲ್ಲಿಯೇ ಮಾತನಾಡಿದ್ದೇವೆ. ತಗ್ಗಿನ, ಬೊಡ್ಡೆಗಳಿರುವ ಭಾಗದಲ್ಲಿ ಕಾಡುಜಾತಿಯ ಸಸಿ ನೆಡಲು ನಾವೂ ಕೈ ಜೋಡಿಸುತ್ತೇವೆಂದು ತಿಳಿಸಿ, ಮೇಲಿನ ಇಳಿಜಾರಿನ ಗುರುತುಗಳನ್ನು ಕೈಬಿಡಲು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಫೆಬ್ರುವರಿಯಲ್ಲಿ ನಡೆಯುವ ಹಕ್ಕಿ ಎಣಿಕೆಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನ ನಾಲ್ಕು ದಿನಗಳಲ್ಲಿ ಒಂದು ಬೆಳಗು ಅವರನ್ನೇ ಆ ಇಳಿಜಾರಿಗೆ ಕರೆದೊಯ್ಯಲಿದ್ದೇವೆ. ಶಿವಮೊಗ್ಗದ ಮೇಡಂ ತಮ್ಮ ಮಕ್ಕಳೊಂದಿಗೆ ಅದೇ ದಿನ ಬರಲು ಒಪ್ಪಿದ್ದಾರೆ. ಬರುವ ಇತರರು ಆರೂವರೆಯೊಳಗೆ ಗುಡ್ಡದ ಬುಡದಲ್ಲಿರಬೇಕು, ವಾಹನಗಳನ್ನು ಊರಿನಲ್ಲಿಯೇ ನಿಲ್ಲಿಸಿ ನಡೆದು ಬರಬೇಕು, ಡ್ರೋನ್ ತರಬಾರದು. ಯಾರಿಗಾದರೂ ಹೆಚ್ಚುವರಿ ಬೈನಾಕ್ಯುಲರ್ ಇದ್ದರೆ ಮಕ್ಕಳಿಗಾಗಿ ತನ್ನಿ.